ಯಮಹಾ ಎಫ್‌310 ಜೊತೆ ಹನ್ನೊಂದು ವರ್ಷ, ಮಾರ್ಟಿನ್ ಡಿ-28 ಜೊತೆ ಐದು ವರ್ಷ: ಕೇಳುಗರಿಗೆ ವ್ಯತ್ಯಾಸ ತಿಳಿಯುತ್ತದೆಯೇ?

ಮೈಸೂರಿನಲ್ಲಿ ಸುಗಮ ಸಂಗೀತದ ಗಾಯಕರಿಗೆ ಗಿಟಾರ್ ಪಕ್ಕವಾದ್ಯ ನುಡಿಸುವುದು ನನ್ನ ಬಹುಕಾಲದ ಹವ್ಯಾಸ. 2013ರಲ್ಲಿ ಹತ್ತು ಸಾವಿರ ರೂಪಾಯಿಯೊಳಗೆ ಕೊಂಡ ಯಮಹಾ ಎಫ್‌310 ಗಿಟಾರ್ ಇಂದಿಗೂ ನನ್ನ ಬಳಿ ಇದೆ. 2019ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವ ರಜೆಗೆ ಬಂದಾಗ ಮಾರ್ಟಿನ್ ಡಿ-28 ತಂದುಕೊಟ್ಟರು. ಅದರ ಬೆಲೆ ಎರಡು ಲಕ್ಷ ದಾಟಿತ್ತು; ಅದಕ್ಕಾಗಿ ನಾಲ್ಕು ವರ್ಷ ಹಣ ಕೂಡಿಟ್ಟಿದ್ದೆ. ಇಪ್ಪತ್ತು ಪಟ್ಟು ಹೆಚ್ಚು ಬೆಲೆಯ ವಾದ್ಯವನ್ನು ಮೊದಲ ಬಾರಿಗೆ ಕಾರ್ಯಕ್ರಮಕ್ಕೆ ಒಯ್ದ ದಿನ, ನಾದ ಬದಲಾಗಿದೆ ಎಂದು ಯಾರಾದರೂ ಹೇಳುತ್ತಾರೇನೋ ಎಂದು ಕಾದೆ. ಗಾಯಕರಾಗಲಿ, ತಬಲಾ ನುಡಿಸಿದವರಾಗಲಿ, ಮುಂದಿನ ಸಾಲಿನಲ್ಲಿ ಕುಳಿತವರಾಗಲಿ ಏನೂ ಹೇಳಲಿಲ್ಲ. ಹಣ ವ್ಯರ್ಥವಾಯಿತೇ ಎಂಬ ಚಿಂತೆ ಅಂದು ರಾತ್ರಿಯೇ ಹುಟ್ಟಿತು. ಅದಕ್ಕೆ ಉತ್ತರ ಹುಡುಕುತ್ತಾ ಈ ಐದು ವರ್ಷಗಳಲ್ಲಿ ಎರಡೂ ಗಿಟಾರುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಳಸಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾದ್ಯಗಳ ಸ್ವರೂಪ. ಎಫ್‌310ರ ಮೇಲುಹಲಗೆ, ಅಂದರೆ ಟಾಪ್, ತೆಳುವಾದ ಸ್ಪ್ರೂಸ್ ಪದರಗಳನ್ನು ಅಂಟಿಸಿ ಮಾಡಿದ್ದು. ಡಿ-28ರ ಟಾಪ್ ಇಡಿಯಾದ ಸಿಟ್ಕಾ ಸ್ಪ್ರೂಸ್ ಹಲಗೆಯದು. ಬೆನ್ನು ಮತ್ತು ಪಕ್ಕಗಳು ಈಸ್ಟ್ ಇಂಡಿಯನ್ ರೋಸ್‌ವುಡ್‌ನವು, ಎಂದರೆ ನಮ್ಮ ಮಲೆನಾಡಿನ ಬೀಟೆಯವು. 1833ರಲ್ಲಿ ಆರಂಭವಾಗಿ ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ ನೆಲೆಸಿರುವ ಮಾರ್ಟಿನ್ ಸಂಸ್ಥೆ 1969ರವರೆಗೆ ಈ ಮಾದರಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು, ಅನಂತರ ಬೀಟೆಗೆ ಬಂತು. ಕುತ್ತಿಗೆಯ ತುದಿಯಲ್ಲಿ ತಂತಿಗೆ ಆಸರೆಯಾಗುವ ನಟ್ ಎಂಬ ಪಟ್ಟಿಯಿಂದ ಒಡಲಿನ ಮೇಲಿನ ಸ್ಯಾಡಲ್ ಎಂಬ ಪಟ್ಟಿಯವರೆಗಿನ ತಂತಿಯ ಉದ್ದ ಎಫ್‌310ರಲ್ಲಿ 634 ಮಿಲಿಮೀಟರ್, ಡಿ-28ರಲ್ಲಿ 645. ಇದು ಅಲ್ಪವೆನಿಸಿದರೂ, ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಿದಾಗ ಎಫ್‌310ರಲ್ಲಿ ಬಿಗಿತ ಶೇಕಡಾ 3ರಷ್ಟು ಕಡಿಮೆ ಇರುತ್ತದೆ, ಮತ್ತು ಅದು ಎಡಗೈಯ ಬೆರಳಿಗೆ ಕೂಡಲೇ ತಿಳಿಯುತ್ತದೆ.

2022ರ ದೀಪಾವಳಿ ರಜೆಯಲ್ಲಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆವು. ನಡುಮನೆಗೂ ಕೋಣೆಗೂ ನಡುವೆ ದಪ್ಪ ಪರದೆ ಇಳಿಬಿಟ್ಟು, ಎರಡೂ ಗಿಟಾರುಗಳಿಗೆ ಅಂದೇ ಒಂದೇ ಬಗೆಯ ಫಾಸ್ಫರ್ ಬ್ರಾಂಜ್ ತಂತಿ ಹಾಕಿ, ಟ್ಯೂನರ್ ಇಟ್ಟು ಶ್ರುತಿ ಮಾಡಿದೆ. ಕೇಳಲು ಕುಳಿತವರು ಆರು ಮಂದಿ: ಇಬ್ಬರು ಗಾಯಕರು, ತಬಲಾ ನುಡಿಸುವ ಗೆಳೆಯರೊಬ್ಬರು, ನನ್ನ ಹೆಂಡತಿ, ಮಗ ಮತ್ತು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಮೊದಲು ಯಾವುದು ಯಾವುದೆಂದು ಹೇಳಿ ಎರಡನ್ನೂ ಕೇಳಿಸಿದೆ. ಆಮೇಲೆ ನಾಣ್ಯ ಚಿಮ್ಮಿ ಬಿದ್ದ ಮುಖದಂತೆ ಒಂದನ್ನು ಎತ್ತಿಕೊಂಡು, ಒಂದೇ ಪಿಕ್ಕಿನಿಂದ, ಸಾಧ್ಯವಾದಷ್ಟೂ ಸಮನಾದ ಬಲದಿಂದ ಅದೇ ನಾಲ್ಕು ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು, ನುಡಿಸಿದೆ. ಹತ್ತು ಸುತ್ತು ಮುಗಿದಾಗ ಐವರ ಉತ್ತರಗಳು ನಾಣ್ಯ ಚಿಮ್ಮಿ ಬರೆದಂತೆಯೇ ಇದ್ದವು. ತಬಲಾ ಗೆಳೆಯರು ಮಾತ್ರ ಒಂದು ಸುತ್ತು ಬಿಟ್ಟು ಉಳಿದೆಲ್ಲವನ್ನೂ ಸರಿಯಾಗಿ ಗುರುತಿಸಿದರು.

ಹೇಗೆಂದು ಕೇಳಿದಾಗ ಅವರು, "ನಾನು ಗಿಟಾರ್ ಕೇಳಲೇ ಇಲ್ಲ ಮಾರಾಯ್ರೆ, ತಬಲಾ ಜೋಡಿಯ ಎಡಗದ ಮೇಲೆ ಬೀಳೋ ಪೆಟ್ಟಿನ ಹಾಗೆ ಮಂದ್ರದ ಬಾಲ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಮಾತ್ರ ನೋಡಿದೆ" ಎಂದರು. ವ್ಯತ್ಯಾಸ ಇರುವುದೂ ಸರಿಯಾಗಿ ಅಲ್ಲಿಯೇ. ತಂತಿ ತಾನಾಗಿ ಹೆಚ್ಚು ಸದ್ದು ಮಾಡುವುದಿಲ್ಲ; ಅದು ಸ್ಯಾಡಲ್ ಕೂರಿಸಿದ ಬ್ರಿಜ್ ಎಂಬ ಮರದ ತುಂಡನ್ನು ಅಲುಗಿಸುತ್ತದೆ, ಬ್ರಿಜ್ ಟಾಪ್ ಅನ್ನು ಅಲುಗಿಸುತ್ತದೆ, ಟಾಪ್ ಒಳಗಿನ ಗಾಳಿಯನ್ನು ಅಲುಗಿಸುತ್ತದೆ. ಇಷ್ಟು ದೊಡ್ಡ ಗಿಟಾರಿನ ಒಡಲಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ಮಿಡಿಯುತ್ತದೆ, ಮೇಲುಹಲಗೆಯ ಮುಖ್ಯ ಮಿಡಿತ ಅದರ ಇಮ್ಮಡಿ ಆಸುಪಾಸಿನಲ್ಲಿರುತ್ತದೆ. ಎಲ್ಲಕ್ಕಿಂತ ದಪ್ಪನೆಯ ಆರನೆಯ ತಂತಿಯ ಸ್ವರ 82 ಹರ್ಟ್ಸ್. ಹಗುರವಾದ ಇಡಿಯ ಹಲಗೆ ಈ ಕೆಳಗಿನ ಸ್ವರಗಳಿಗೆ ಸಲೀಸಾಗಿ ಓಗೊಡುತ್ತದೆ. ಪದರದ ಹಲಗೆ ಅಷ್ಟು ಓಗೊಡುವುದಿಲ್ಲ. ಮಂದ್ರದ ಗುಂಗಿಗೆ ಕಿವಿಗೊಡುವ ಅಭ್ಯಾಸ ಇದ್ದವರಿಗೆ, ನಿಶ್ಶಬ್ದವಾದ ಕೋಣೆಯಲ್ಲಿ, ಆರೇಳು ಅಡಿ ದೂರದಿಂದ ಇದು ಕೇಳಿಸುತ್ತದೆ.

ಎರಡನೆಯ ಪರೀಕ್ಷೆ ನನಗೆ ಹೆಚ್ಚಿನ ಪಾಠ ಕಲಿಸಿತು. ಮೂರು ತಿಂಗಳ ಬಳಕೆಯಲ್ಲಿ ಬೆವರು ಹೀರಿ ಕಪ್ಪಾದ ತಂತಿಗಳನ್ನು ಡಿ-28ಕ್ಕೆ ಹಾಕಿ, ಎಫ್‌310ರ ಹೊಸ ತಂತಿಗಳನ್ನು ಹಾಗೆಯೇ ಬಿಟ್ಟು, ಯಾವುದು ದುಬಾರಿ ಎಂದು ಕೇಳಿದೆ. ತಬಲಾ ಗೆಳೆಯರೂ ಸೇರಿ ಎಲ್ಲರೂ ಎಫ್‌310 ಅನ್ನೇ ಬೆಟ್ಟು ಮಾಡಿದರು. ಹಳೆಯ ತಂತಿಯಲ್ಲಿ ಮೇಲಿನ ಸ್ವರಾಂಶಗಳು ಬೇಗ ಸತ್ತುಹೋಗುತ್ತವೆ, ನಾದಕ್ಕೆ ಹೊಳಪು ಇರುವುದಿಲ್ಲ, ಮತ್ತು ಆ ಹೊಳಪನ್ನೇ ಬಹುಪಾಲು ಕೇಳುಗರು ಒಳ್ಳೆಯ ಗಿಟಾರಿನ ಗುರುತು ಎಂದು ತಿಳಿಯುತ್ತಾರೆ. ಕೆಲವು ನೂರು ರೂಪಾಯಿಯ ತಂತಿ ಎರಡು ಲಕ್ಷದ ಮರವನ್ನು ಹಿಂದೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಎರಡಕ್ಕೂ ಹೊಸ ತಂತಿ ಹಾಕಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಸಿದಾಗ ತಬಲಾ ಗೆಳೆಯರಿಗೂ ಭೇದ ಸಿಗಲಿಲ್ಲ. ವೇದಿಕೆಯ ವಿಷಯ ಹೇಳುವುದೇ ಬೇಡ: ಸ್ಯಾಡಲ್ ಕೆಳಗಿದ್ದು ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್, ಮಿಕ್ಸರ್, ಸಭಾಂಗಣದ ಸ್ಪೀಕರ್ ದಾಟಿ ಬರುವಾಗ ಮರದ ಗುಣ ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ.

ಬೆನ್ನಿನ ಮರದ ಬಗ್ಗೆ ನನಗೆ ಮೊದಲಿನಿಂದಲೂ ಕಾಳಜಿ ಇದೆ, ಏಕೆಂದರೆ ಸಕಲೇಶಪುರದ ಕಡೆಯ ನಮ್ಮ ಅಜ್ಜನ ತೋಟದ ಅಂಚಿನಲ್ಲಿ ಎರಡು ಬೀಟೆ ಮರಗಳಿದ್ದವು ಮತ್ತು ಅವು ದಪ್ಪವಾಗಲು ಎಷ್ಟು ತಲೆಮಾರು ಬೇಕೆಂಬುದನ್ನು ನಾನು ಬಲ್ಲೆ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಬೆನ್ನು-ಪಕ್ಕಗಳ ಮರವೊಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಬಗೆಯಾಗಿದ್ದ ಆರು ಗಿಟಾರುಗಳನ್ನು ಒಬ್ಬರೇ ಕುಶಲಕರ್ಮಿಯಿಂದ ಮಾಡಿಸಿ, 52 ಮಂದಿ ಗಿಟಾರ್ ವಾದಕರಿಗೆ ಮಬ್ಬು ಬೆಳಕಿನಲ್ಲಿ ವೆಲ್ಡಿಂಗ್ ಕನ್ನಡಕ ತೊಡಿಸಿ ನುಡಿಸಲು ಕೊಟ್ಟ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಬ್ರೆಜಿಲ್‌ನ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್ ಮುಂತಾದವುಗಳಿಗೆ ಅವರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಸ್ಪೇನ್‌ನ ಅಂತೋನಿಯೊ ದೆ ತೊರೆಸ್ ಎಂಬ ಗಿಟಾರ್ ತಯಾರಕರು ನಾದವನ್ನು ನಿರ್ಧರಿಸುವುದು ಮೇಲುಹಲಗೆಯೇ ಎಂದು ತೋರಿಸಲು 1862ರಲ್ಲೇ ಬೆನ್ನು-ಪಕ್ಕಗಳನ್ನು ಕಾಗದದ ಮುದ್ದೆಯಿಂದ ಮಾಡಿದ್ದರು. ನನ್ನ ಡಿ-28ರ ಬೆನ್ನಿನ ನೇರಳೆಗಂದು ಎಳೆಗಳು ನೋಡಲು ಬಹಳ ಚೆಂದ. ಆದರೆ ನಾದದ ಹೆಸರಿನಲ್ಲಿ ಬೀಟೆಯನ್ನು ಕಡಿಯಬೇಕಾದ ಅಗತ್ಯವಿಲ್ಲ ಎಂದು ಅದನ್ನು ಐದು ವರ್ಷ ನುಡಿಸಿದ ಮೇಲೆ ಖಚಿತವಾಗಿ ಹೇಳಬಲ್ಲೆ.

ಹಾಗಾದರೆ ಎರಡು ಲಕ್ಷದಿಂದ ನನಗೆ ಸಿಕ್ಕಿದ್ದೇನು? ಮೆಲ್ಲಗೆ ನುಡಿಸುವ ಧೈರ್ಯ. ಗಾಯಕರು ಪಲ್ಲವಿಯನ್ನು ಪಿಸುಮಾತಿನಂತೆ ಎತ್ತಿಕೊಂಡಾಗ ಎಫ್‌310ರಲ್ಲಿ ಬೆರಳನ್ನು ಅಷ್ಟೇ ಹಗುರ ಮಾಡಿದರೆ ಸ್ವರ ತೆಳುವಾಗಿಬಿಡುತ್ತದೆ, ಆದ್ದರಿಂದ ತುಸು ಬಲ ಹಾಕಲೇಬೇಕು. ಡಿ-28ರಲ್ಲಿ ಹೆಬ್ಬೆರಳಿನ ಪಕ್ಕ ತಗುಲಿದರೂ ಸ್ವರ ತುಂಬಿಕೊಂಡು ಬರುತ್ತದೆ, ಅದರ ಕಂಪನ ಎದೆಗೆ ತಾಗುತ್ತದೆ, ಆಗ ಕೈ ತಾನಾಗಿ ಇನ್ನಷ್ಟು ಮೃದುವಾಗುತ್ತದೆ. ಕೇಳುಗರು ಗಿಟಾರನ್ನು ಗುರುತಿಸಲಾರರು, ಆದರೆ ಮೃದುವಾದ ಆ ಕೈಯನ್ನು ಗುರುತಿಸುತ್ತಾರೆ. ಈಚೆಗೆ ನಿಮ್ಮ ಪಕ್ಕವಾದ್ಯ ಹಾಡಿಗೆ ಜಾಗ ಬಿಡುತ್ತದೆ ಎಂದು ಗಾಯಕಿಯೊಬ್ಬರು ಹೇಳಿದ್ದು ನಾನು ಎಫ್‌310 ನುಡಿಸುತ್ತಿದ್ದ ಸಂಜೆ.

ಸಾಕುವ ವಿಷಯದಲ್ಲಿ ಎಫ್‌310 ಕಷ್ಟ ಕೊಡದ ವಾದ್ಯ. ತಂತಿಯ ಎಳೆತಕ್ಕೆ ಕುತ್ತಿಗೆ ಬಾಗುವುದು ಎಲ್ಲ ಗಿಟಾರುಗಳಿಗೂ ಇದ್ದದ್ದೇ. ಅದನ್ನು ಸರಿಪಡಿಸಲು ಮೊದಲು ಹೋದ ಅಂಗಡಿಯಲ್ಲಿ ನಟ್‌ನಲ್ಲಿ ತಂತಿ ಕೂರುವ ಸೀಳುಗಳನ್ನು ಅತಿ ಆಳವಾಗಿ ಉಜ್ಜಿಬಿಟ್ಟರು, ಮೂರನೆಯ ತಂತಿ ಜರ್ ಎನ್ನತೊಡಗಿತು. ಮತ್ತೊಬ್ಬರು ಎಲುಬಿನ ನಟ್ ಕೂರಿಸಿ, ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ತಿರುಗಿಸಿ, ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳಾದ ಫ್ರೆಟ್‌ಗಳಲ್ಲಿ ಹನ್ನೆರಡನೆಯದರ ಬಳಿ ಆರನೆಯ ತಂತಿಯ ಎತ್ತರವನ್ನು 2.5 ಮಿಲಿಮೀಟರಿಗೆ ತಂದರು. ಅಂದಿನಿಂದ ಕಾರ್ಡ್‌ಗಳು ಶ್ರುತಿಶುದ್ಧವಾದವು, ಮತ್ತು ಈ ಬದಲಾವಣೆಯನ್ನು ನನ್ನ ಹೆಂಡತಿ ಅಡುಗೆಮನೆಯಿಂದಲೇ ಗುರುತಿಸಿದಳು. ಡಿ-28ಕ್ಕೆ ಮಾತ್ರ ಮಗುವಿನಂತೆ ಆರೈಕೆ ಬೇಕು. 2021ರ ಮಾರ್ಚ್‌ನಲ್ಲಿ ಅದನ್ನು ಗೋಡೆಗೆ ತೂಗುಹಾಕಿ ತಪ್ಪು ಮಾಡಿದೆ: ಒಣಹವೆಗೆ ಟಾಪ್ ಕುಸಿದು ತಂತಿಗಳು ಫ್ರೆಟ್‌ಗೆ ತಾಗತೊಡಗಿದವು, ಫ್ರೆಟ್‌ಗಳ ತುದಿ ಕೈಗೆ ಚುಚ್ಚತೊಡಗಿತು. ಪೆಟ್ಟಿಗೆಯೊಳಗೆ ತೇವಾಂಶವನ್ನು ಶೇಕಡಾ 45ರಿಂದ 55ರ ನಡುವೆ ಹಿಡಿದಿಟ್ಟು ಮೂರು ವಾರ ಕಾದ ಮೇಲೆ ಅದು ಮೊದಲಿನಂತಾಯಿತು. ಅದೇ ಗೋಡೆಯ ಮೇಲಿದ್ದ ಎಫ್‌310ಕ್ಕೆ ಏನೂ ಆಗಿರಲಿಲ್ಲ.

ಕಳೆದ ತಿಂಗಳು ಅಣ್ಣನ ಮಗಳು ತನಗೊಂದು ಗಿಟಾರ್ ಆರಿಸಿಕೊಡಿ ಚಿಕ್ಕಪ್ಪ ಎಂದಳು. ಅಂಗಡಿಯಲ್ಲಿ ಬೇರೆ ಬೇರೆ ಬೆಲೆಯ ಮೂರು ಗಿಟಾರುಗಳನ್ನು ಶ್ರುತಿ ಮಾಡಿಸಿ, ಅವಳನ್ನು ಗೋಡೆಯತ್ತ ತಿರುಗಿ ನಿಲ್ಲಲು ಹೇಳಿ ನಾನು ನುಡಿಸಿದೆ. ಆಮೇಲೆ ಅವಳು ಕಣ್ಣು ಮುಚ್ಚಿ ಒಂದೊಂದನ್ನೂ ನುಡಿಸಿ ನೋಡಿದಳು. ಕೇಳುವಾಗ ಮೂರೂ ಒಂದೇ ಎಂದವಳು ನುಡಿಸುವಾಗ ಇಡಿಯ ಹಲಗೆಯ ಯಮಹಾ ಎಫ್‌ಜಿ800 ಅನ್ನು ಕೆಳಗಿಡಲಿಲ್ಲ. ಅದನ್ನೇ ಕೊಂಡೆವು, ಜೊತೆಗೆ ನಾಲ್ಕು ಸೆಟ್ ಹೊಸ ತಂತಿಗಳನ್ನೂ.