ಐಟಿಐನಿಂದ ಬಿಇವರೆಗೆ: ಕಲಬುರಗಿ ಕಡೆಯ ಏಳು ವರ್ಷದ ದಾರಿ ಹೇಗಿದೆ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಕಲಬುರಗಿಯ ಓಣಿಗಳಲ್ಲಿ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ‘ಹುಡುಗಗ ಸೈನ್ಸ್ ಆಗಂಗಿಲ್ಲ, ಐಟಿಐಗೆ ಹಚ್ಚಿಬಿಡ್ರಿ.’ ಹೇಳುವವರ ದನಿಯಲ್ಲಿ ಓದು ಅಲ್ಲಿಗೆ ಮುಗೀತು ಅನ್ನುವ ಅರ್ಥ ಇರುತ್ತದೆ. ಅದು ತಪ್ಪು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಬಿಇಯ ಎರಡನೇ ವರ್ಷಕ್ಕೆ ನೇರ ಸೇರಬಹುದು. ಬಾಗಿಲೇನೋ ತೆರೆದೇ ಇದೆ, ಹೊಸ್ತಿಲು ಮಾತ್ರ ಎತ್ತರ. ಕಾಲು ಎಡವುವುದು ಎಲ್ಲಿ ಅಂತ ಸೇರಿಸಿಕೊಳ್ಳುವಾಗ ಯಾರೂ ಹೇಳುವುದಿಲ್ಲ. ಹಾಗಾಗಿ ಇದು ಒಂದು ಕಾಲೇಜಿನ ವಿಮರ್ಶೆ ಅಲ್ಲ, ಇಡೀ ದಾರಿಯದು.

ಮೊದಲು ವರ್ಷದ ಲೆಕ್ಕ. ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು. ಎಸ್ಸೆಸ್ಸೆಲ್ಸಿ ಮೇಲೆ ನೇರ ಡಿಪ್ಲೊಮಾ ಮೂರು, ಬಿಇ ಮೂರು, ಅದೂ ಆರೇ. ಐಟಿಐ ಎರಡು, ಡಿಪ್ಲೊಮಾ ಎರಡು, ಬಿಇ ಮೂರು ಅಂದರೆ ಏಳು. ಹೆಚ್ಚಾಗುವುದು ಒಂದೇ ವರ್ಷ. ಆ ಒಂದು ವರ್ಷಕ್ಕೆ ಬದಲಾಗಿ ನಡುವೆ ಎರಡು ಕಡೆ ಇಳಿದು ದುಡಿಯುವ ಅವಕಾಶ ಸಿಗುತ್ತದೆ. ಮನೆಯಲ್ಲಿ ಹೊಲದ ಆದಾಯ ಒಂದು ವರ್ಷ ಕೈಕೊಟ್ಟರೆ ಪಿಯುಸಿ ಮುಗಿಸಿದ ಹುಡುಗನ ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಮಾತ್ರ ಇರುತ್ತದೆ, ಐಟಿಐ ಮುಗಿಸಿದವನ ಕೈಯಲ್ಲಿ ಕಸುಬು ಇರುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಪಟ್ಟಿಯಲ್ಲಿ ಆ ಕಸುಬಿಗೆ ಬೆಲೆ ಇದೆ. ಅಪ್ರೆಂಟಿಸ್ ಆಗಿ ಸೇರಿದರೂ 2019ರ ನಿಯಮದಂತೆ ಎರಡು ವರ್ಷದ ಐಟಿಐ ಆದವರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 8,050 ರೂಪಾಯಿ ಇತ್ತು.

ಮೊದಲ ತಪ್ಪು ಅರ್ಜಿ ಹಾಕುವ ದಿನವೇ ಆಗುತ್ತದೆ. ಕೋಪಾ (ಕಂಪ್ಯೂಟರ್ ಆಪರೇಟರ್ ಟ್ರೇಡ್, ಅಂದರೆ ಕಸುಬಿನ ಕೋರ್ಸ್) ಒಂದು ವರ್ಷದ್ದು, ವೆಲ್ಡರ್ ಒಂದು ವರ್ಷದ್ದು. ಬೇಗ ಮುಗೀತದ ಅಂತ ಇವುಗಳಿಗೆ ಸೇರಿದವರಿಗೆ ಡಿಪ್ಲೊಮಾದ ಎರಡನೇ ವರ್ಷದ ಬಾಗಿಲು ಇಲ್ಲ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ನಿಯಮ ಕೇಳುವುದು ಹತ್ತನೇ ತರಗತಿಯ ಮೇಲೆ ಎರಡು ವರ್ಷದ ಐಟಿಐ, ಅದೂ ಹೊಂದುವ ಟ್ರೇಡಿನಲ್ಲಿ. ಫಿಟ್ಟರ್, ಟರ್ನರ್, ಮಷಿನಿಸ್ಟ್ ಆದರೆ ಮೆಕ್ಯಾನಿಕಲ್, ಎಲೆಕ್ಟ್ರಿಷಿಯನ್ ಆದರೆ ಎಲೆಕ್ಟ್ರಿಕಲ್, ಡ್ರಾಫ್ಟ್ಸ್‌ಮನ್ ಸಿವಿಲ್ ಆದರೆ ಸಿವಿಲ್. ಮುಂದೆ ಓದುವ ಆಸೆ ಎಳ್ಳಷ್ಟಿದ್ದರೂ ಎರಡು ವರ್ಷದ ಟ್ರೇಡನ್ನೇ ಹಿಡಿಯಬೇಕು.

ಐಟಿಐ ಆರಿಸುವಾಗ ಕಟ್ಟಡದ ಬಣ್ಣ ನೋಡಬೇಡಿ, ವರ್ಕ್‌ಶಾಪಿನ ಬೆಂಚು ನೋಡಿ. ಫಿಟ್ಟರ್ ಟ್ರೇಡಿನ ಒಂದು ಯೂನಿಟ್ ಅಂದರೆ 20 ಮಂದಿ. ಅಷ್ಟು ಮಂದಿಗೂ ಒಂದೊಂದು ಬೆಂಚ್ ವೈಸ್ (ಲೋಹದ ತುಂಡನ್ನು ಬಿಗಿಹಿಡಿಯುವ ಸಾಧನ) ಬೇಕು. ವೈಸಿನ ದವಡೆಗೆ ತುಕ್ಕು ಹಿಡಿದಿದೆಯಾ, ಇಲ್ಲ ಅರದಿಂದ ಉದುರಿದ ಕಬ್ಬಿಣದ ಪುಡಿ ಇನ್ನೂ ಹೊಳೆಯುತ್ತಿದೆಯಾ? ಇದೊಂದನ್ನು ನೋಡಿದರೆ ವಾರದಲ್ಲಿ ಎಷ್ಟು ದಿನ ಪ್ರಾಕ್ಟಿಕಲ್ ನಡೆಯುತ್ತದೆ ಅಂತ ಗೊತ್ತಾಗುತ್ತದೆ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದೆ. ಅಂಥ ಕಡೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ), ರೋಬೋಟಿಕ್ಸ್ ಯಂತ್ರಗಳಿವೆ. ಕೇಳಬೇಕಾದ ಪ್ರಶ್ನೆ ಯಂತ್ರ ಇದೆಯಾ ಅಂತಲ್ಲ, ಆ ಯಂತ್ರದ ಮೇಲೆ ಒಬ್ಬ ಹುಡುಗನಿಗೆ ವಾರಕ್ಕೆ ಎಷ್ಟು ತಾಸು ಸಿಗುತ್ತದೆ ಅಂತ.

ಕಲಿಕೆಯ ಗುಣಮಟ್ಟಕ್ಕೆ ಬಂದರೆ, ಈ ದಾರಿಯ ಅತ್ಯುತ್ತಮ ಭಾಗ ಇದೇ. ಸ್ಲೈಡಿಂಗ್ ‘ಟಿ’ ಫಿಟ್ಟಿಂಗ್ ಮಾಡಿಸುತ್ತಾರೆ: ಎರಡು ತುಂಡು ಮೈಲ್ಡ್ ಸ್ಟೀಲ್, ಒಂದರೊಳಗೆ ಇನ್ನೊಂದು ಜಾರಬೇಕು, ಅಲುಗಾಡಬಾರದು. ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ ±0.04 ಮಿ.ಮೀ., ಕೈಯಲ್ಲಿರುವ ವರ್ನಿಯರ್ ಅಳತೆಪಟ್ಟಿ ಓದುವುದೇ 0.02 ಮಿ.ಮೀ. ಟ್ರೈ ಸ್ಕ್ವೇರ್ ಹಚ್ಚಿ ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಗೆರೆಯಷ್ಟು ಬೆಳಕು ಕಂಡರೂ ಮತ್ತೆ ಅರ ಹಿಡಿಯಬೇಕು. ಹೆಚ್ಚಿನವರು ಕೆಡುವುದು ಕೊನೆಯ ಹತ್ತು ನಿಮಿಷದಲ್ಲಿ: ಒರಟು ಅರವನ್ನು ಬದಲಿಸದೆ ಅದರಲ್ಲೇ ಮುಗಿಸಲು ಹೋಗಿ ಮೂಲೆ ತಿಂದುಬಿಡುತ್ತಾರೆ. ಹೋದ ಲೋಹ ವಾಪಸ್ ಬರುವುದಿಲ್ಲ, ತುಂಡು ಹೊಸದೇ ಬೇಕು. ಮುಂದೆ ಬಿಇಯಲ್ಲಿ ಲಿಮಿಟ್ಸ್ ಮತ್ತು ಫಿಟ್ಸ್ ಪಾಠ ಬಂದಾಗ ಉಳಿದವರು ಕೋಷ್ಟಕ ಬಾಯಿಪಾಠ ಮಾಡುತ್ತಿದ್ದರೆ ಈ ಹುಡುಗನಿಗೆ ಅದು ಬೆರಳ ತುದಿಯಲ್ಲಿರುತ್ತದೆ.

ಪಾಸಾಗಲು ಪ್ರಾಕ್ಟಿಕಲ್ ಮತ್ತು ವರ್ಷವಿಡೀ ನಡೆಯುವ ಮೌಲ್ಯಮಾಪನದಲ್ಲಿ ಶೇ 60, ಉಳಿದ ವಿಷಯಗಳಲ್ಲಿ ಶೇ 33 ಬೇಕು. ಹಾಜರಾತಿ ಶೇ 80. ಇಲ್ಲೊಂದು ಬಲೆ ಇದೆ. ವರ್ಕ್‌ಶಾಪ್ ಕ್ಯಾಲ್ಕುಲೇಶನ್‌ಗೆ 33 ಸಾಕಲ್ಲ ಅಂತ ಹುಡುಗರು ಲೆಕ್ಕದ ಪುಸ್ತಕ ಮುಚ್ಚಿಡುತ್ತಾರೆ. ಆ ಪುಸ್ತಕದಲ್ಲಿ ಅನುಪಾತ, ಶೇಕಡ, ಕ್ಷೇತ್ರಫಲ, ಸ್ವಲ್ಪ ತ್ರಿಕೋನಮಿತಿ ಇರುತ್ತದೆ, ಕ್ಯಾಲ್ಕುಲಸ್ ಇರುವುದೇ ಇಲ್ಲ. ಮುಂದಿನ ಐದು ವರ್ಷದ ತೊಂದರೆಯ ಬೇರು ಇಲ್ಲೇ ಇಳಿಯುತ್ತದೆ.

ಡಿಪ್ಲೊಮಾಕ್ಕೆ ಬರೋಣ. ಕಲಬುರಗಿಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್, ಅದರ ಜೊತೆ ಮಹಿಳೆಯರಿಗೇ ಬೇರೆ ಸರ್ಕಾರಿ ಪಾಲಿಟೆಕ್ನಿಕ್ ಇದೆ; ಬೀದರಿನಲ್ಲೂ ಸರ್ಕಾರಿ ಪಾಲಿಟೆಕ್ನಿಕ್ ಇದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆ ಆಗಿರುವುದರಿಂದ ಆಳಂದ, ಚಿತ್ತಾಪುರದಿಂದ ದಿನಾ ಬಂದುಹೋಗುವುದು ಈಗ ದೊಡ್ಡ ಖರ್ಚಲ್ಲ. ನೇರ ಎರಡನೇ ವರ್ಷಕ್ಕೆ ಸೇರುವ ಸೀಟು ಎಐಸಿಟಿಇ ನಿಯಮದಲ್ಲಿ ಮಂಜೂರಾದ ಸಂಖ್ಯೆಯ ಶೇ 10, ಅದರ ಮೇಲೆ ಮೊದಲ ವರ್ಷದಲ್ಲಿ ಖಾಲಿ ಉಳಿದವು. 60ರ ಬ್ರಾಂಚಿಗೆ ಆರು. ಮುಂದೆ ಬಿಇಯಲ್ಲೂ ಇದೇ ಲೆಕ್ಕ. ಕಂಪ್ಯೂಟರ್ ಸೈನ್ಸಿನಂಥ ಕಡೆ ಖಾಲಿ ಸೀಟು ಉಳಿಯುವುದು ಅಪರೂಪವಾದ್ದರಿಂದ ಆ ಆರಕ್ಕೇ ಜಗ್ಗಾಟ. ಮೆಕ್ಯಾನಿಕಲ್, ಸಿವಿಲ್ ಕೇಳುವವರಿಗೆ ಉಸಿರಾಡಲು ಜಾಗ ಇರುತ್ತದೆ. ಐಟಿಐ ಫಲಿತಾಂಶ ತಡವಾದ ವರ್ಷ ಲ್ಯಾಟರಲ್ ಎಂಟ್ರಿ (ನೇರ ಎರಡನೇ ವರ್ಷದ) ಅರ್ಜಿಯ ಕೊನೆ ದಿನ ಕಣ್ತಪ್ಪಿ ಹೋಗುತ್ತದೆ. ಫಲಿತಾಂಶಕ್ಕೆ ಕಾಯುತ್ತ ಊರಲ್ಲಿ ಕೂರುವ ಬದಲು ಪಾಲಿಟೆಕ್ನಿಕ್ಕಿನ ನೋಟಿಸ್ ಬೋರ್ಡನ್ನು ವಾರಕ್ಕೊಮ್ಮೆ ನೋಡಿಬರಬೇಕು.

ಈ ದಾರಿಯಲ್ಲಿ ನಮಗೆ ಸಿಟ್ಟು ತರಿಸುವ ಭಾಗ ಡಿಸಿಇಟಿ, ಅಂದರೆ ಡಿಪ್ಲೊಮಾ ಆದವರನ್ನು ಬಿಇಗೆ ತೆಗೆದುಕೊಳ್ಳಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪರೀಕ್ಷೆ. ಹಿಂದೆ ಬ್ರಾಂಚಿಗೊಂದು ಪ್ರಶ್ನೆಪತ್ರಿಕೆ ಇತ್ತು. ಆಮೇಲೆ ಎಲ್ಲರಿಗೂ ಒಂದೇ, 100 ಅಂಕ: ಎಂಜಿನಿಯರಿಂಗ್ ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್ ಅಂಡ್ ಅನಲಿಟಿಕ್ಸ್, ಐಟಿ ಸ್ಕಿಲ್ಸ್, ಎಲೆಕ್ಟ್ರಿಕಲ್-ಎಲೆಕ್ಟ್ರಾನಿಕ್ಸ್ ಮೂಲಪಾಠ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ತಲಾ 20. ನೋಡಲು ನ್ಯಾಯವಾಗಿಯೇ ಇದೆ. ಆದರೆ ಸಿ-20 (2020ರ ಡಿಪ್ಲೊಮಾ) ಪಠ್ಯಕ್ರಮದಲ್ಲಿ ಈ ಐದೂ ಡಿಪ್ಲೊಮಾದ ಮೊದಲ ವರ್ಷದ ವಿಷಯಗಳು. ಐಟಿಐನಿಂದ ನೇರ ಎರಡನೇ ವರ್ಷಕ್ಕೆ ಬಂದವನು ಆ ವರ್ಷದ ಬೆಂಚಿನ ಮೇಲೆ ಕೂತೇ ಇಲ್ಲ. ಲೇತ್ ಮೇಲೆ ಎಲ್ಲರಿಗಿಂತ ಚುರುಕಾದ ಹುಡುಗ ಪರೀಕ್ಷೆಯ ಹಾಲಿನಲ್ಲಿ ಸುಮ್ಮನೆ ಕೂರುವುದು ದಡ್ಡತನದಿಂದಲ್ಲ, ಆ ಪಾಠ ಅವನ ಮುಂದೆ ನಡೆದೇ ಇಲ್ಲ.

ಒಂದು ಉದಾಹರಣೆ. 100 ಮಿ.ಮೀ. ಉದ್ದದಲ್ಲಿ 40 ಮಿ.ಮೀ. ವ್ಯಾಸದಿಂದ 30ಕ್ಕೆ ಇಳಿಯುವ ಟೇಪರ್ ತೆಗೆಯಬೇಕು. ಟರ್ನರ್ ಹುಡುಗ ವ್ಯಾಸದ ವ್ಯತ್ಯಾಸ 10ನ್ನು ಉದ್ದದ ಎರಡರಷ್ಟು 200ರಿಂದ ಭಾಗಿಸಿ 0.05 ಅಂತಾನೆ, ಟ್ಯಾನ್ ಕೋಷ್ಟಕ ನೋಡಿ ಲೇತಿನ ಕಾಂಪೌಂಡ್ ಸ್ಲೈಡನ್ನು (ಉಳಿ ಕೂರುವ ಭಾಗ) 2 ಡಿಗ್ರಿ 52 ಮಿನಿಟಿಗೆ ತಿರುಗಿಸುತ್ತಾನೆ. ಅಂದರೆ ಟ್ಯಾನ್ ಏನು ಅನ್ನುವುದು ಅವನಿಗೆ ಕೈಯಿಂದ ಗೊತ್ತು. ಪ್ರಶ್ನೆಪತ್ರಿಕೆ ಕೇಳುವುದು ಅದೇ ಟ್ಯಾನಿನ ಡಿರೈವೇಟಿವ್. ಇವೆರಡರ ನಡುವಿನ ಸೇತುವೆ ಕಟ್ಟಿಕೊಡುವ ಹೊಣೆಯನ್ನು ಈ ವ್ಯವಸ್ಥೆಯಲ್ಲಿ ಯಾರೂ ಹೊತ್ತುಕೊಂಡಿಲ್ಲ.

ಉಪಾಯ ಇಲ್ಲದಿಲ್ಲ. ಮೂರನೇ ಸೆಮಿಸ್ಟರಿಗೆ ಸೇರಿದ ವಾರವೇ ಮೊದಲ ವರ್ಷ ಮುಗಿಸಿದವರ ಹತ್ತಿರ ಆ ಐದೂ ಪುಸ್ತಕ, ನೋಟ್ಸ್ ಇಸಿದುಕೊಳ್ಳಬೇಕು. ಮ್ಯಾಥ್ಸ್‌ನಲ್ಲಿ ಮ್ಯಾಟ್ರಿಕ್ಸ್, ಸರಳರೇಖೆ, ತ್ರಿಕೋನಮಿತಿ, ಡಿಫರೆನ್ಸಿಯೇಶನ್, ಇಂಟಿಗ್ರೇಶನ್ ಹೀಗೆ ಐದು ಭಾಗ. ಇದೇ ಅನುಕ್ರಮದಲ್ಲಿ ಹೋಗಬೇಕು. ತ್ರಿಕೋನಮಿತಿ ಗಟ್ಟಿಯಾಗುವ ಮೊದಲೇ ಡಿಫರೆನ್ಸಿಯೇಶನ್ ಮುಟ್ಟಿದರೆ ಸೂತ್ರಗಳು ತಲೆಯಲ್ಲಿ ನಿಲ್ಲುವುದಿಲ್ಲ. ದಿನಕ್ಕೆ 45 ನಿಮಿಷ ಇಟ್ಟರೂ ನಾಲ್ಕನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಒಂದು ಸುತ್ತು ಆಗುತ್ತದೆ. ಆಮೇಲೆ ಮಾಡಿದರಾಯಿತು ಅಂತ ಬಿಟ್ಟರೆ ಕೆಟ್ಟಿತು: ಸಿ-20ಯಲ್ಲಿ ಐದನೇ ಸೆಮಿಸ್ಟರ್ ಪೂರ್ತಿ ಸ್ಪೆಷಲೈಸೇಶನ್, ಆರನೆಯದು ಇಂಟರ್ನ್‌ಶಿಪ್. ಹೈದರಾಬಾದಿನಲ್ಲೋ ಪುಣೆಯಲ್ಲೋ ಶಿಫ್ಟ್ ಮುಗಿಸಿ ರೂಮಿಗೆ ಬಂದು ಮ್ಯಾಟ್ರಿಕ್ಸ್ ಬಿಡಿಸುವವರು ಕಡಿಮೆ. ಎಲೆಕ್ಟ್ರಿಷಿಯನ್ ಟ್ರೇಡಿನವರಿಗೆ ಒಂದು ಲಾಭ ಉಂಟು, ಐದರಲ್ಲಿ ಒಂದು ವಿಷಯ ಅವರ ಮನೆಯದೇ. ಪಠ್ಯಕ್ರಮ ಬದಲಾದಾಗ ಪರೀಕ್ಷೆಯ ವಿಷಯಗಳೂ ಬದಲಾಗುತ್ತವೆ, ಆಯಾ ವರ್ಷದ ಕೆಇಎ ಕೈಪಿಡಿಯನ್ನು ಮೊದಲು ಓದಿ. ಡಿಪ್ಲೊಮಾದಲ್ಲಿ ಶೇ 45 (ಮೀಸಲಾತಿ ಇದ್ದವರಿಗೆ ಶೇ 40) ಇಲ್ಲದಿದ್ದರೆ ಬಿಇ ಸೀಟಿಗೆ ಅರ್ಹತೆಯೇ ಇಲ್ಲ.

ಕಾಗದಪತ್ರದಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದವರ ದೊಡ್ಡ ಆಸ್ತಿ 371(ಜೆ). ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ 2013ರ ಆದೇಶದಂತೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಸ್ಥಳೀಯರಿಗೆ. ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು (ಎಸಿ), ತಹಶೀಲ್ದಾರರಲ್ಲ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಎಸಿ ಕಚೇರಿ ಇರುವುದು ಕಲಬುರಗಿ, ಸೇಡಂ, ಬೀದರ್, ಬಸವಕಲ್ಯಾಣ, ಯಾದಗಿರಿಯಲ್ಲಿ. ಕೌನ್ಸೆಲಿಂಗ್ ವಾರದಲ್ಲಿ ಓಡಾಡಿದರೆ ಸಿಗುವುದು ಅನುಮಾನ, ಅದಕ್ಕೇ ಐಟಿಐ ಸೇರುವಾಗಲೇ ಮಾಡಿಸಿಟ್ಟುಕೊಳ್ಳಿ. ಇನ್ನೊಂದು ಸಣ್ಣ ಮುಳ್ಳು ಹೆಸರು. ಶರಣಬಸಪ್ಪ ಅನ್ನುವುದಕ್ಕೆ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು ಇಂಗ್ಲಿಷ್ ಸ್ಪೆಲ್ಲಿಂಗ್, ಆಧಾರಿನಲ್ಲಿ ಒಂದು, ಐಟಿಐ ಪ್ರಮಾಣಪತ್ರದಲ್ಲಿ ಮತ್ತೊಂದು. ಐಟಿಐ ದಾಖಲಾತಿ ದಿನ ಆಧಾರ್ ನೋಡಿ ತುಂಬಿಕೊಳ್ಳುತ್ತಾರೆ, ಹಾಗಾಗಿ ಮೊದಲು ಆಧಾರನ್ನೇ ಎಸ್ಸೆಸ್ಸೆಲ್ಸಿ ಕಾರ್ಡಿಗೆ ಹೊಂದಿಸಿಕೊಂಡು ಹೋದರೆ ಮುಂದಿನ ತಿದ್ದುಪಡಿಯ ತಲೆನೋವು ತಪ್ಪುತ್ತದೆ.

ಬಿಇಗೆ ಕಲಬುರಗಿಯಲ್ಲಿ 1958ರಲ್ಲಿ ಶುರುವಾದ ಪಿಡಿಎ, ಶರಣಬಸವ ವಿಶ್ವವಿದ್ಯಾಲಯ, ಬೀದರಿನಲ್ಲಿ ಗುರುನಾನಕ್ ದೇವ್, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ಕಾಲೇಜು ಹೀಗೆ ಆಯ್ಕೆ ಇದೆ. ಸೀಟು ಸಿಕ್ಕಿದ ಮೇಲೂ ಲೆಕ್ಕದ ಕಾಟ ಬಿಡುವುದಿಲ್ಲ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುದ 2018ರ ಸ್ಕೀಮಿನಲ್ಲಿ ಡಿಪ್ಲೊಮಾದಿಂದ ಬಂದವರು ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಅಂತ ಎರಡು ಪೇಪರ್ ಬರೆಯಬೇಕಿತ್ತು. ಕ್ರೆಡಿಟ್ ಇಲ್ಲ, ಆದರೆ ಪಾಸಾಗದೆ ಪದವಿಯೂ ಇಲ್ಲ. ಬೆಳಗ್ಗೆ ಡಿಫರೆನ್ಸಿಯೇಶನ್ ಕಲಿಯುತ್ತ, ಅದೇ ಮಧ್ಯಾಹ್ನ ಉಳಿದವರ ಜೊತೆ ಲಾಪ್ಲಾಸ್ ಮತ್ತು ಫೋರಿಯರ್ ಸರಣಿಗೆ ಕೂರುವ ಸ್ಥಿತಿ. ಪಾಠವೆಲ್ಲ ಇಂಗ್ಲಿಷಿನಲ್ಲಿ ಬೇರೆ. ಡಿಸಿಇಟಿಗೆಂದು ಲೆಕ್ಕ ಸರಿಯಾಗಿ ಮಾಡಿದವರು ಇಲ್ಲಿ ಒಂದು ಸೆಮಿಸ್ಟರಿನಲ್ಲಿ ಹಿಡಿತಕ್ಕೆ ಬರುತ್ತಾರೆ, ಖಾಲಿ ಸೀಟಿನ ಕೃಪೆಯಿಂದ ಬಂದವರು ಬ್ಯಾಕ್‌ಲಾಗ್ ಎಳೆಯುತ್ತಾರೆ.

ಕಸುಬಿಗೆ ಐದಕ್ಕೆ ನಾಲ್ಕೂವರೆ ಕೊಡಬಹುದು, ಖರ್ಚಿಗೆ ನಾಲ್ಕು, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹತ್ತಿಸುವ ವ್ಯವಸ್ಥೆಗೆ ಎರಡಕ್ಕಿಂತ ಹೆಚ್ಚು ಕೊಡಲಾಗದು. ಬಿಇಯೇ ಗುರಿ ಅಂತ ಮೊದಲೇ ತೀರ್ಮಾನ ಇದ್ದರೆ ಐಟಿಐ ಬಿಟ್ಟು ನೇರ ಮೂರು ವರ್ಷದ ಡಿಪ್ಲೊಮಾ ಮಾಡಿ, ಆ ಮೊದಲ ವರ್ಷದ ಪಾಠಗಳು ತಪ್ಪುವುದಿಲ್ಲ. ಯಂತ್ರದ ಕೆಲಸವೇ ಜೀವ ಅನ್ನುವವರಿಗೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ, ಮೂರು ವರ್ಷ ಓದು ಮತ್ತು ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಬಿಎ, ಬಿಕಾಂ ಕಡೆ ಹೊರಳುವವರಿಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಉಂಟು: ಐಟಿಐ ಅಂಕಗಳ ಕ್ರೆಡಿಟ್ ವರ್ಗಾಯಿಸಿಕೊಂಡು, ಭಾಷೆ ಸಹಿತ ಉಳಿದ ವಿಷಯ ಬರೆದರೆ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಸಿಗುತ್ತದೆ.

ಬಿಇ ಆಯಿತು ಅಂತ ಐಟಿಐ ಪ್ರಮಾಣಪತ್ರವನ್ನು ಅಟ್ಟದ ಮೇಲೆ ಎಸೆಯಬೇಡಿ. ರೈಲ್ವೆಯ ಟೆಕ್ನಿಷಿಯನ್ ಗ್ರೇಡ್-3 ಹುದ್ದೆಗಳಲ್ಲಿ ಬಹುಪಾಲು ಕೇಳುವುದು ಅದನ್ನೇ, ಅದರ ಬದಲಿಗೆ ಬಿಇ ತೋರಿಸಿದರೆ ನಡೆಯುವುದಿಲ್ಲ. ಈ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಕಿರಿಯ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ, ಸಹಾಯಕ ಎಂಜಿನಿಯರ್ ಹುದ್ದೆಗೆ ಬಿಇ. ಮೂರೂ ಕಾಗದ ಒಂದೇ ಫೈಲಿನಲ್ಲಿ ಇರಲಿ, ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ.