ಲಂಡನ್–ಪ್ಯಾರಿಸ್ ಸವಾರಿಯ ಅಭ್ಯಾಸಕ್ಕೆ ಸಿರುಗುಪ್ಪದ ರಸ್ತೆಯೋ, ಸಂಡೂರಿನ ಏರೋ?

ಲಂಡನ್‌ನಿಂದ ಪ್ಯಾರಿಸ್‌ಗೆ ನಾಲ್ಕು ದಿನಗಳ ಸಹಾಯಾರ್ಥ ಸೈಕಲ್ ಸವಾರಿಗೆ ಹೆಸರು ಕೊಟ್ಟಿರುವ ಬಳ್ಳಾರಿಯ ಹೊಸಬರು ದಿನಕ್ಕೆ 100 ಕಿ.ಮೀ. ಆಸುಪಾಸು ತುಳಿಯಬೇಕಾಗುವುದರಿಂದ, ಯಾವ ಸೈಕಲ್ ಕೊಳ್ಳಬೇಕೆಂಬುದಕ್ಕಿಂತ ಯಾವ ದಾರಿಯಲ್ಲಿ ಅಭ್ಯಾಸ ಮಾಡಬೇಕೆಂಬುದೇ ಮುಖ್ಯವೆಂದು ನನ್ನ ಭಾವನೆ.

ಸಿರುಗುಪ್ಪಕ್ಕೆ ಹೋಗಿ ಬಂದರೆ 100 ಕಿ.ಮೀ. ದಾಟುತ್ತದೆ. ಎರೆನೆಲದ ನಡುವಿನ ಈ ರಸ್ತೆ ಬಹುಮಟ್ಟಿಗೆ ಸಮತಟ್ಟಾಗಿದ್ದು, ಇಳಿಜಾರಿಲ್ಲದ ಕಾರಣ ಕಾಲಿಗೆ ಬಿಡುವೇ ಸಿಗುವುದಿಲ್ಲ. ಭತ್ತದ ಗದ್ದೆಗಳ ಮೇಲಿಂದ ಎದುರುಗಾಳಿ ಬೀಸಿದರಂತೂ ಅದೇ ಒಂದು ಏರು. ಮೂರು ಗಂಟೆ ಒಂದೇ ಭಂಗಿಯಲ್ಲಿ ಕೂತಾಗ ಅಂಗೈ ಜೋಮು ಹಿಡಿದು, ಕಿರುಬೆರಳು ಮರಗಟ್ಟುತ್ತದೆ. ಸೀಟು ಮತ್ತು ಹ್ಯಾಂಡಲ್‌ಗಳ ಎತ್ತರ ಸರಿಯಿಲ್ಲವೆಂಬುದನ್ನು ಫ್ರಾನ್ಸಿನಲ್ಲಲ್ಲ, ಇಲ್ಲಿಯೇ ಕಂಡುಕೊಳ್ಳಬೇಕು.

ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳ ಕಾಟವಿದೆ. ಎಣ್ಣೆ ಹಚ್ಚಿದ ಚೈನಿಗೆ ಕೆಂಧೂಳು ಮೆತ್ತಿಕೊಳ್ಳುವುದರಿಂದ ಪ್ರತಿ ಸಲವೂ ಬಟ್ಟೆಯಿಂದ ಒರೆಸಬೇಕು. ಆದರೂ ಕುಮಾರಸ್ವಾಮಿ ಬೆಟ್ಟದ ಏರು ಕಲಿಸುವ ಪಾಠ, ಅಂದರೆ ಏರು ಕಡಿದಾಗುವ ಮೊದಲೇ ಹಗುರ ಗೇರಿಗೆ ಬರುವುದು, ಬಯಲಿನಲ್ಲಿ ದಕ್ಕುವುದಿಲ್ಲ. ಇಂಗ್ಲೆಂಡಿನ ಡೋವರ್ ಬಂದರಿನ ಮಾರ್ಗವಾಗಿ ಹೋಗುವವರಿಗೆ ಕೆಂಟ್ ಪ್ರಾಂತ್ಯದ ನಾರ್ತ್ ಡೌನ್ಸ್ ಗುಡ್ಡಗಳು ಮೊದಲ ದಿನವೇ ಎದುರಾಗುತ್ತವೆ.

ನನ್ನನ್ನು ಕೇಳಿದರೆ ಮೊದಲ ಎರಡು ತಿಂಗಳು ಸಿರುಗುಪ್ಪವನ್ನೇ ಆರಿಸಿರಿ, ಆಮೇಲೆ ವಾರಕ್ಕೊಮ್ಮೆ ಸಂಡೂರನ್ನು ಸೇರಿಸಿರಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಎರಡಕ್ಕೂ ನಸುಕಿನ 5 ಗಂಟೆಗೇ ಹೊರಡಬೇಕು.