ಸ್ಪೈಡರ್ಕೊ ಅಲ್ಟ್ರಾ ಫೈನ್ ಸೆರಾಮಿಕ್ ಸಾಣೆಕಲ್ಲು: ಮೂರು ವರ್ಷ ಮಸೆದ ಮೇಲೆ

ಈ ಕಲ್ಲು ಮನೆಗೆ ಬಂದ ಮೊದಲ ಆರು ತಿಂಗಳು ನನ್ನ ಒಂದು ಚಾಕೂ ಸರಿಯಾಗಿ ಹರಿತವಾಗಲಿಲ್ಲ. ತಪ್ಪು ಕಲ್ಲಿನದಲ್ಲ, ನನ್ನದು. ಆಗಲೇ ವಿಮರ್ಶೆ ಬರೆದಿದ್ದರೆ ಕಲ್ಲಿಗೆ ಅನ್ಯಾಯ ಮಾಡಿದ ಹಾಗಾಗುತ್ತಿತ್ತು.

ಅಮೆರಿಕದ ಕೊಲೊರಾಡೊದಲ್ಲಿ ಗೋಲ್ಡನ್ ಅನ್ನುವ ಊರಿದೆ, ಸ್ಪೈಡರ್ಕೊ ಅಲ್ಲಿಯ ಕಂಪನಿ. ಚಾಕುಗಳಿಂದ ಹೆಸರಾದದ್ದು. ಆದರೆ ಅವರ ಮೊದಲ ಚಾಕು ಬಂದಿದ್ದು 1981ರಲ್ಲಿ. ಅದಕ್ಕೂ ಮುಂಚೆ, 1978ರಲ್ಲೇ, ಚಾಕು ಮಸೆಯುವ ಸೆಟ್ ಮಾಡಿದ್ದರು. ನನ್ನ ಹತ್ತಿರ ಇರುವುದು ಎಂಟು ಇಂಚು ಉದ್ದ, ಎರಡು ಇಂಚು ಅಗಲದ ಬಿಳಿ ಕಲ್ಲು. ಕೈಯಾಡಿಸಿದರೆ ನುಣುಪಾದ ಟೈಲ್ಸ್ ಮುಟ್ಟಿದ ಹಾಗಿರುತ್ತದೆ. ಇದರಲ್ಲಿ ಉಕ್ಕು ಸವೆಯುತ್ತದಾ ಅಂತ ಯಾರಿಗಾದರೂ ಅನುಮಾನ ಬರಬೇಕು. ಸವೆಯುತ್ತದೆ. ಇದು ಅಲ್ಯೂಮಿನಾ. ಮಾಣಿಕ್ಯ, ನೀಲ ಎರಡೂ ಮೂಲದಲ್ಲಿ ಇದೇ ವಸ್ತು. ಉಕ್ಕಿಗಿಂತ ತುಂಬ ಗಟ್ಟಿ.

ನಾನು ಮಾಡುತ್ತಿದ್ದದ್ದು ಇಷ್ಟು. ಮೊಂಡಾದ ಚಾಕುವನ್ನು ನೇರವಾಗಿ ಇದರ ಮೇಲಿಟ್ಟು ಅರ್ಧ ಗಂಟೆ ಉಜ್ಜುತ್ತಿದ್ದೆ. ಅಲಗು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಟೊಮೆಟೊ ಮೇಲೆ ಇಟ್ಟರೆ ಜಾರುತ್ತಿತ್ತು. ಸಾಲದು ಅನಿಸಿ ಇನ್ನೂ ಒತ್ತುತ್ತಿದ್ದೆ. ಒತ್ತಿದಷ್ಟೂ ಕೆಟ್ಟಿತು.

ಒಂದು ಭಾನುವಾರ ಅಲಗಿನ ಅಂಚಿಗೆ ಕಪ್ಪು ಮಾರ್ಕರ್ ಬಳಿದು, ನಾಲ್ಕು ಸಲ ಮಾತ್ರ ಎಳೆದು, ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನಿಂದ ಸ್ವಲ್ಪ ಹಿಂದೆ ಮಸಿ ಪೂರ್ತಿ ಹೋಗಿತ್ತು. ತುತ್ತತುದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಹಾಗೇ ಉಳಿದಿತ್ತು. ಅಂದರೆ ಅಷ್ಟು ದಿನ ನಾನು ಚಾಕುವಿನ ಬಾಯಿಯನ್ನು ಮುಟ್ಟಿರಲೇ ಇಲ್ಲ!

ಅವತ್ತಿಂದ ಎರಡು ಬದಲಾವಣೆ ಮಾಡಿಕೊಂಡೆ. ಮೊದಲನೆಯದು, 1000 ಗ್ರಿಟ್‌ನ ಸಾಧಾರಣ ನೀರುಕಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ತಂದೆ. ಗ್ರಿಟ್ ಅಂದರೆ ಕಲ್ಲಿನ ಕಣ ಎಷ್ಟು ಸಣ್ಣದು ಅನ್ನುವ ಲೆಕ್ಕ, ಅಂಕಿ ಹೆಚ್ಚಿದಷ್ಟೂ ನುಣುಪು. ಹರಿತ ತರುವ ಕೆಲಸ ಅದರದ್ದು, ಸೆರಾಮಿಕ್‌ನದು ಕೊನೆಯ ಕೈ ಅಷ್ಟೆ. ಎರಡನೆಯದು ಕೋನ, ಅಂದರೆ ಚಾಕುವನ್ನು ಕಲ್ಲಿಗೆ ಎಷ್ಟು ಓರೆಯಾಗಿ ಹಿಡಿಯಬೇಕು ಅನ್ನುವುದು. ನನ್ನ ತರಕಾರಿ ಚಾಕು ನಾಲ್ಕೂವರೆ ಸೆಂಟಿಮೀಟರ್ ಅಗಲ ಇದೆ. 15 ಡಿಗ್ರಿ ಬರಬೇಕಾದರೆ ಅದರ ಬೆನ್ನು ಕಲ್ಲಿನಿಂದ ಸುಮಾರು 12 ಮಿಲಿಮೀಟರ್ ಮೇಲಿರಬೇಕು. ನನ್ನ ಕಿರುಬೆರಳು ಹೆಚ್ಚುಕಮ್ಮಿ ಅಷ್ಟೇ ದಪ್ಪ. ಶುರು ಮಾಡುವ ಮುಂಚೆ ಬೆನ್ನಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ, ಆಮೇಲೆ ಮಣಿಕಟ್ಟು ಅಲ್ಲಾಡಿಸುವುದಿಲ್ಲ.

ಒಂದು ಬದಿ ಮಸೆದಾಗ ಅಂಚಿನ ಉಕ್ಕು ತೆಳ್ಳಗಾಗಿ ಇನ್ನೊಂದು ಬದಿಗೆ ಹೊರಳುತ್ತದೆ. ಇದಕ್ಕೆ ಬರ್ ಅನ್ನುತ್ತಾರೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಮೆಲ್ಲಗೆ ಸವರಿದರೆ ತೊಡರುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಯಾವತ್ತೂ ಬೆರಳಾಡಿಸಬೇಡಿ. ಹಿಡಿಯಿಂದ ತುದಿವರೆಗೆ ಎರಡೂ ಬದಿಯಲ್ಲಿ ಬರ್ ಏಳದೆ ಸೆರಾಮಿಕ್ ಕಲ್ಲನ್ನು ಹೊರಗೆ ತೆಗೆಯುವುದೇ ಬೇಡ. ಎದ್ದ ಮೇಲೆ ಅದನ್ನು ತೆಗೆಯುವುದರಲ್ಲಿ ಈ ಕಲ್ಲನ್ನು ಮೀರಿಸಿದ್ದನ್ನು ನಾನು ಬಳಸಿಲ್ಲ. ಬದಿಗೆ ಎಂಟೋ ಹತ್ತೋ ಸಲ, ಚಾಕುವಿನ ತೂಕ ಬಿಟ್ಟು ಬೇರೆ ಭಾರ ಹಾಕದೆ ಎಳೆದರೆ ಸಾಕು. ಸರಿಯಾಗಿ ಕೂತಾಗ ಸದ್ದು ಬದಲಾಗುತ್ತದೆ. ಕರಕರ ಹೋಗಿ, ರೇಷ್ಮೆ ಬಟ್ಟೆ ಎಳೆದಂತೆ ಮೆತ್ತಗಾಗುತ್ತದೆ. ನಮ್ಮಜ್ಜ ಮರದ ಮಣೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿ ಮಸೆಯುತ್ತಿದ್ದರು. ಅವರೂ ಕೊನೆಕೊನೆಗೆ ಕೈ ಹಗುರ ಮಾಡುತ್ತಿದ್ದದ್ದು ನನಗೆ ಈಗ ನೆನಪಾಗುತ್ತದೆ.

ಬರ್ ಎಷ್ಟು ಸುಲಭವಾಗಿ ಬಿಡುತ್ತದೆ ಅನ್ನುವುದು ಚಾಕುವಿನ ಉಕ್ಕಿನ ಮೇಲೂ ಹೋಗುತ್ತದೆ. ನನ್ನ ಜಪಾನಿ ಚಾಕುವಿನ ಉಕ್ಕು ಗಡಸು, ಅದರ ಬರ್ ಬೇಗ ಬಿಡುತ್ತದೆ. ಮಾಮೂಲಿ ಸ್ಟೀಲ್ ಚಾಕು ಮೆದು. ಅದರ ಬರ್ ಮುರಿಯುವುದಿಲ್ಲ, ಸುಮ್ನೆ ಆ ಕಡೆ ಈ ಕಡೆ ವಾಲುತ್ತದೆ. ಅಂಥದ್ದನ್ನು ಕೊನೆಗೆ ಹಳೇ ಬೆಲ್ಟಿನ ಒರಟು ಬದಿಗೆ ನಾಲ್ಕು ಸಲ ಹಿಮ್ಮುಖವಾಗಿ ಎಳೆಯುತ್ತೇನೆ.

ಅಡುಗೆಮನೆಯಲ್ಲಿ ಇದರ ಫಲ ಚೆನ್ನಾಗಿ ಕಾಣುತ್ತದೆ. ಹೆಚ್ಚಿಟ್ಟ ಕೊತ್ತಂಬರಿ ಬೇಗ ಕಪ್ಪಾಗುವುದಿಲ್ಲ. ಈರುಳ್ಳಿ ಜಜ್ಜಿಹೋಗದೆ ಕತ್ತರಿಸುವುದರಿಂದ ಕಣ್ಣುರಿ ಕಡಿಮೆ. ಆದರೆ ಟೊಮೆಟೊ ಸಿಪ್ಪೆಗೆ ಅತಿ ನುಣುಪು ಒಳ್ಳೆಯದಲ್ಲ, ಸ್ವಲ್ಪ ಒರಟು ಇದ್ದರೇ ಕಚ್ಚುತ್ತದೆ. ಹಾಗಾಗಿ ಟೊಮೆಟೊಗೆ ಇಟ್ಟುಕೊಂಡ ಸಣ್ಣ ಚಾಕುವಿಗೆ ನೀರುಕಲ್ಲೇ ಸಾಕು ಮಾಡಿದ್ದೇನೆ.

ನೋಡಿಕೊಳ್ಳುವುದು ಸುಲಭ. ನೆನೆಸಬೇಕಿಲ್ಲ, ಎಣ್ಣೆ ಬೇಡ, ಒಣಗಲಿನಲ್ಲೇ ಬಳಸಬಹುದು. ನೀರುಕಲ್ಲಿನ ಹಾಗೆ ನಡುವೆ ಹಳ್ಳ ಬೀಳುವುದಿಲ್ಲ. ಉಕ್ಕಿನ ಪುಡಿ ಹತ್ತಿ ಬೂದು ಬಣ್ಣಕ್ಕೆ ತಿರುಗಿದರೆ ಪಾತ್ರೆ ತೊಳೆಯುವ ಪುಡಿ, ಹಸಿರು ಸ್ಕ್ರಬ್ಬರ್ ಹಾಕಿ ಉಜ್ಜಿ ತೊಳೆಯಿರಿ. ತೊಳೆಯದಿದ್ದರೆ ಚಾಕು ಬರೀ ಜಾರುತ್ತದೆ. ತೊಳೆಯುವಾಗ ಮಾತ್ರ ಜೋಪಾನ. ಕಳೆದ ವರ್ಷ ನನ್ನ ಕೈಜಾರಿ ಸಿಂಕಿಗೆ ಬಿದ್ದು ಒಂದು ಮೂಲೆ ಚಕ್ಕೆ ಎದ್ದಿದೆ. ಈಗ ಕೆಳಗೆ ದಪ್ಪ ಟವೆಲ್ ಹಾಸಿಕೊಳ್ಳುತ್ತೇನೆ.

ಮೊದಲ ಕಲ್ಲಾಗಿ ಇದನ್ನು ಕೊಳ್ಳಬೇಡಿ, ಅಷ್ಟು ಹಣ ಹಾಕುವ ಅಗತ್ಯ ಇಲ್ಲ. 1000 ಗ್ರಿಟ್‌ನಲ್ಲಿ ಪೇಪರ್ ಕತ್ತರಿಸುವಷ್ಟು ಹರಿತ ಬಂದ ಮೇಲೆ ತರಿಸಿ. ಬಾಯಿ ಚಕ್ಕೆ ಎದ್ದ ಚಾಕುವಿಗೆ ಇದು ಏನೂ ಮಾಡಲಾರದು. ಈಳಿಗೆಮಣೆಗೂ ಆಗಿಬರುವುದಿಲ್ಲ. ಅದರ ಅಲಗು ಒಳಕ್ಕೆ ಬಾಗಿರುತ್ತದಲ್ವಾ, ಚಪ್ಪಟೆ ಕಲ್ಲು ಕೂರುವುದಿಲ್ಲ. ಅದಕ್ಕೆ ದುಂಡಗಿನ ಸೆರಾಮಿಕ್ ಕಡ್ಡಿ ಬೇಕು. ಅಮ್ಮನ ಈಳಿಗೆಗೆ ಅಂತ ಒಂದು ಆರ್ಡರ್ ಮಾಡಿದ್ದೇನೆ, ಇನ್ನೂ ಬಂದಿಲ್ಲ.